ಸೈಪ್ರಸ್: ಗೆರೆಯ ಎರಡು ಬದಿ

ಮೆಡಿಟರೇನಿಯನ್ ಸಮುದ್ರದ ಪೂರ್ವ ತುದಿಯಲ್ಲಿ, ಟರ್ಕಿಗೆ ದಕ್ಷಿಣಕ್ಕೂ ಸಿರಿಯಾ, ಲೆಬನಾನ್‌ಗಳಿಗೆ ಪಶ್ಚಿಮಕ್ಕೂ ಇರುವ ಸೈಪ್ರಸ್ 9,251 ಚದರ ಕಿ.ಮೀ. ವಿಸ್ತಾರದ ದ್ವೀಪ. ತುಮಕೂರು ಜಿಲ್ಲೆಗಿಂತ ಚಿಕ್ಕದು. ಇಷ್ಟು ಚಿಕ್ಕ ನೆಲದ ಮೇಲೆ ನಾಲ್ಕು ಬಗೆಯ ಅಧಿಕಾರಗಳು ನಡೆಯುತ್ತವೆ. ದಕ್ಷಿಣದ ಬಹುಭಾಗ ಸೈಪ್ರಸ್ ಗಣರಾಜ್ಯದ ಹಿಡಿತದಲ್ಲಿದೆ. ಉತ್ತರದ ಸುಮಾರು ಶೇ 36ರಷ್ಟು ನೆಲ 1974ರಿಂದೀಚೆಗೆ ಟರ್ಕಿ ಸೇನೆಯ ಬೆಂಬಲವಿರುವ ಟರ್ಕಿಶ್ ಸೈಪ್ರಿಯಟ್ ಆಡಳಿತದ ಕೈಯಲ್ಲಿದೆ. ಎರಡರ ನಡುವೆ ಪೂರ್ವದಿಂದ ಪಶ್ಚಿಮದವರೆಗೆ 180 ಕಿ.ಮೀ. ಉದ್ದಕ್ಕೆ ವಿಶ್ವಸಂಸ್ಥೆಯ ಕಾವಲಿನ ಬಫರ್ ವಲಯ ಹಾದುಹೋಗುತ್ತದೆ. ಇವು ಸಾಲದೆಂಬಂತೆ ಅಕ್ರೋತಿರಿ ಮತ್ತು ಧೆಕೇಲಿಯಾಗಳಲ್ಲಿ ಒಟ್ಟು 254 ಚದರ ಕಿ.ಮೀ. ನೆಲ ಇಂದಿಗೂ ಬ್ರಿಟನ್ನಿನ ಸಾರ್ವಭೌಮತ್ವದ ಸೇನಾ ನೆಲೆಯಾಗಿಯೇ ಉಳಿದಿದೆ. ಓದಲು, ದುಡಿಯಲು, ನಿವೃತ್ತಿಯ ದಿನಗಳನ್ನು ಕಳೆಯಲು ಬರುವ ಹೊಸಬರು ಮನೆ ಹುಡುಕುವ ಮೊದಲೇ ತಿಳಿದುಕೊಳ್ಳಬೇಕಾದ ಒಂದು ಸಂಗತಿಯಿದೆ. ನಡುವಿನ ಗೆರೆ ಏನು ಎಂಬ ಪ್ರಶ್ನೆಗೆ ದ್ವೀಪದಲ್ಲಿ ಒಪ್ಪಿತವಾದ ಉತ್ತರವಿಲ್ಲ. ವೀಸಾ, ವಿಮೆ, ಫೋನು, ಜಮೀನು, ಕೊನೆಗೆ ನೆರೆಹೊರೆಯವರೊಡನೆ ಆಡುವ ಮಾತು, ಎಲ್ಲದರ ತೊಡಕೂ ಅಲ್ಲಿಂದಲೇ ಹುಟ್ಟುತ್ತದೆ.

ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅದು ಗಡಿಯಲ್ಲ. ದ್ವೀಪದಲ್ಲಿ ಇರುವುದು ಒಂದೇ ದೇಶ, ಸೈಪ್ರಸ್ ಗಣರಾಜ್ಯ. ಅದು ವಿಶ್ವಸಂಸ್ಥೆಯ ಸದಸ್ಯ, 2004ರ ಮೇ 1ರಿಂದ ಐರೋಪ್ಯ ಒಕ್ಕೂಟದ ಸದಸ್ಯ. ಇಡೀ ದ್ವೀಪವೇ ಒಕ್ಕೂಟದ ನೆಲ ಎಂದು ಸೇರ್ಪಡೆಯ ಒಪ್ಪಂದ ಹೇಳುತ್ತದೆ. ಆದರೆ ಗಣರಾಜ್ಯದ ಸರ್ಕಾರದ ಕೈ ತಲುಪದ ಉತ್ತರದಲ್ಲಿ ಒಕ್ಕೂಟದ ಕಾನೂನುಗಳನ್ನು ಅಮಾನತಿನಲ್ಲಿ ಇಡಲಾಗಿದೆ. ಉತ್ತರದವರು 1983ರ ನವೆಂಬರ್ 15ರಂದು ‘ಉತ್ತರ ಸೈಪ್ರಸ್ ಟರ್ಕಿಶ್ ಗಣರಾಜ್ಯ’ವನ್ನು ಘೋಷಿಸಿಕೊಂಡರು. ಭದ್ರತಾ ಮಂಡಳಿ ಮೂರೇ ದಿನಗಳಲ್ಲಿ ತನ್ನ 541ನೇ ನಿರ್ಣಯದ ಮೂಲಕ ಅದನ್ನು ಅಸಿಂಧು ಎಂದು ಸಾರಿತು. ಅದಕ್ಕೆ ಮಾನ್ಯತೆ ಕೊಟ್ಟಿರುವ ದೇಶ ಟರ್ಕಿ ಒಂದೇ. ಭಾರತವೂ ಕೊಟ್ಟಿಲ್ಲ. ಹೀಗಿದ್ದರೂ ಉತ್ತರದಲ್ಲಿ ಸಂಸತ್ತಿದೆ, ಚುನಾವಣೆಯಿದೆ, ಪೊಲೀಸರು, ನ್ಯಾಯಾಲಯ, ತೆರಿಗೆ ಕಚೇರಿ, ವಿಶ್ವವಿದ್ಯಾಲಯ ಎಲ್ಲವೂ ಇವೆ. ಕಾನೂನಿನ ಕಣ್ಣಿಗೆ ಇಲ್ಲದ ಈ ಆಡಳಿತ ದಂಡದ ಚೀಟಿಯನ್ನಂತೂ ಹರಿದು ಕೊಡುತ್ತದೆ, ಅದನ್ನು ಕಟ್ಟಲೇಬೇಕು.

ಈ ಸ್ಥಿತಿ ಬಂದದ್ದು ಹೇಗೆ ಎಂದು ಕೇಳಿದರೆ ದಕ್ಷಿಣದಲ್ಲಿ ಕಥೆ 1974ರಿಂದ ಶುರುವಾಗುತ್ತದೆ, ಉತ್ತರದಲ್ಲಿ 1963ರಿಂದ. ಎರಡನ್ನೂ ಕೇಳದವರಿಗೆ ದ್ವೀಪ ಅರ್ಥವಾಗುವುದಿಲ್ಲ.

1571ರಲ್ಲಿ ವೆನಿಸ್‌ನವರಿಂದ ಒಟ್ಟೊಮನ್ನರ ಕೈಗೆ, 1878ರಲ್ಲಿ ಅವರಿಂದ ಬ್ರಿಟಿಷರ ಕೈಗೆ ದ್ವೀಪ ದಾಟಿತು. ಬಹುಸಂಖ್ಯಾತ ಗ್ರೀಕ್ ಸೈಪ್ರಿಯಟ್‌ರು ಆರ್ಥೊಡಾಕ್ಸ್ ಕ್ರೈಸ್ತರು; ಟರ್ಕಿಶ್ ಸೈಪ್ರಿಯಟ್‌ರು ಮುಸ್ಲಿಮರು. ಶತಮಾನಗಳ ಕಾಲ ಇಬ್ಬರೂ ಒಂದೇ ಪೇಟೆಗಳಲ್ಲಿ, ನೂರಾರು ಮಿಶ್ರ ಹಳ್ಳಿಗಳಲ್ಲಿ ಬಾಳಿದರು. 1955ರಲ್ಲಿ ಎಓಕಾ ಎಂಬ ಗ್ರೀಕ್ ಸಂಘಟನೆ ಬ್ರಿಟಿಷರ ವಿರುದ್ಧ ಬಂದೂಕು ಎತ್ತಿತು. ಅದರ ಗುರಿ ಬರೀ ಸ್ವಾತಂತ್ರ್ಯವಲ್ಲ, ಗ್ರೀಸ್‌ನೊಂದಿಗೆ ವಿಲೀನ. ಅದಕ್ಕೆ ಎದುರಾಗಿ ಟರ್ಕಿಶ್ ಸೈಪ್ರಿಯಟ್‌ರ ಕಡೆಯಿಂದ ದ್ವೀಪವನ್ನು ಪಾಲು ಮಾಡಿ ಎಂಬ ಕೂಗು ಎದ್ದಿತು. 1960ರಲ್ಲಿ ಬಂದದ್ದು ಇವೆರಡೂ ಅಲ್ಲದ, ಯಾರೂ ಮನಸಾರೆ ಬಯಸದ ಸ್ವಾತಂತ್ರ್ಯ. ಗ್ರೀಸ್, ಟರ್ಕಿ, ಬ್ರಿಟನ್ ಈ ಮೂರೂ ಖಾತರಿದಾರ ದೇಶಗಳಾದವು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕಿಶ್. ಇಬ್ಬರಿಗೂ ಮಹತ್ವದ ವಿಷಯಗಳಲ್ಲಿ ತಡೆ ಹಾಕುವ ಅಧಿಕಾರ. ಸರ್ಕಾರಿ ನೌಕರಿಯಲ್ಲಿ 70:30ರ ಹಂಚಿಕೆ. ಜನಸಂಖ್ಯೆಯಲ್ಲಿ ಟರ್ಕಿಶ್ ಸೈಪ್ರಿಯಟ್‌ರು ಶೇ 18ರ ಆಸುಪಾಸಿನಲ್ಲಿದ್ದುದರಿಂದ ಗ್ರೀಕರಿಗೆ ಈ ಲೆಕ್ಕ ಅನ್ಯಾಯವೆನಿಸಿತು. ಟರ್ಕಿಶ್ ಸೈಪ್ರಿಯಟ್‌ರಿಗೆ ಅದೇ ಜೀವರಕ್ಷೆ ಎನಿಸಿತು.

1963ರ ಕೊನೆಯಲ್ಲಿ ಅಧ್ಯಕ್ಷ, ಆರ್ಚ್‌ಬಿಷಪ್ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರ್‌ನಲ್ಲಿ ರಕ್ತಪಾತ ಶುರುವಾಯಿತು. ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಕದನವಿರಾಮದ ಗೆರೆ ಎಳೆದದ್ದು ಆಗಲೇ. ‘ಹಸಿರು ಗೆರೆ’ ಎಂಬ ಹೆಸರು ಅಂದಿನಿಂದ ನಿಂತಿದೆ. ಸುಮಾರು 25 ಸಾವಿರ ಟರ್ಕಿಶ್ ಸೈಪ್ರಿಯಟ್‌ರು ಮನೆ ಬಿಟ್ಟು ಸಣ್ಣಪುಟ್ಟ ಆವರಣಗಳಲ್ಲಿ ಸೇರಿಕೊಂಡರು. ಅವರ ಪ್ರತಿನಿಧಿಗಳು ಸರ್ಕಾರದಿಂದ ಹೊರಗಾದರು. ಆ ಹನ್ನೊಂದು ವರ್ಷಗಳ ಮುಳ್ಳುತಂತಿಯ ಬದುಕು ಉತ್ತರದ ಅಜ್ಜ ಅಜ್ಜಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ದಕ್ಷಿಣದ ಸಾರ್ವಜನಿಕ ಮಾತುಕತೆಯಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯನ್ನು ಕಳಿಸಲು ನಿರ್ಧರಿಸಿತು. ಮೂರು ತಿಂಗಳ ಕೆಲಸಕ್ಕೆಂದು ಬಂದ ಆ ಪಡೆ ಇಂದಿಗೂ ಅಲ್ಲೇ ಇದೆ. ಕನ್ನಡಿಗರಿಗೂ ಇಲ್ಲೊಂದು ನೇರ ನಂಟಿದೆ. ಅದೇ ವರ್ಷ ಪಡೆಯ ಮುಖ್ಯಸ್ಥರಾಗಿ ಬಂದವರು ಭಾರತೀಯ ಭೂಸೇನೆಯ ನಿವೃತ್ತ ಮುಖ್ಯಸ್ಥ, ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರ ವಿಶ್ವಾಸ ಗಳಿಸಿದ್ದ ಅವರು 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕ ಪಟ್ಟಣದಲ್ಲಿ ಅವರ ಹೆಸರಿನ ಬೀದಿಯೂ ಇದೆ.

1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಖಾತರಿದಾರ ದೇಶದ ಹಕ್ಕನ್ನು ಮುಂದಿಟ್ಟುಕೊಂಡು ಟರ್ಕಿ ಜುಲೈ 20ರಂದು ಸೇನೆ ಇಳಿಸಿತು. ಮಾತುಕತೆ ಮುರಿದುಬಿದ್ದ ಮೇಲೆ ಆಗಸ್ಟ್ ನಡುವೆ ಎರಡನೇ ದಾಳಿ ನಡೆಸಿ ದ್ವೀಪದ ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲವನ್ನು ಹಿಡಿಯಿತು. ಮೊದಲ ಹೆಜ್ಜೆಗೆ ಟರ್ಕಿ ಕೊಡುವ ಸಮರ್ಥನೆಯನ್ನು ಒಪ್ಪುವವರೂ ಎರಡನೆಯದನ್ನು ಒಪ್ಪುವುದು ಕಷ್ಟ. ಕ್ಷಿಪ್ರಕ್ರಾಂತಿ ಅಷ್ಟರಲ್ಲಾಗಲೇ ಕುಸಿದುಬಿದ್ದಿತ್ತು. ಸುಮಾರು 1.6 ಲಕ್ಷ ಗ್ರೀಕ್ ಸೈಪ್ರಿಯಟ್‌ರು ದಕ್ಷಿಣಕ್ಕೆ, 40 ಸಾವಿರಕ್ಕೂ ಹೆಚ್ಚು ಟರ್ಕಿಶ್ ಸೈಪ್ರಿಯಟ್‌ರು ಉತ್ತರಕ್ಕೆ ಮನೆ, ತೋಟ, ದನಕರುಗಳನ್ನು ಬಿಟ್ಟು ಹೊರಟರು. ಸಂಜೆಗೆ ಮರಳುತ್ತೇವೆಂದು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿಕೊಂಡು ಹೋದವರ ಕಥೆ ದಕ್ಷಿಣದ ಎಷ್ಟೋ ಮನೆಗಳಲ್ಲಿ ಕೇಳಸಿಗುತ್ತದೆ.

ಇಂದಿನ ಗೆರೆಯನ್ನು ಹತ್ತಿರದಿಂದ ನೋಡಬೇಕಾದರೆ ಹಳೆಯ ನಿಕೋಸಿಯಾಕ್ಕೆ ಹೋಗಬೇಕು. ವೆನಿಸ್‌ನವರು ಕಟ್ಟಿದ ದುಂಡನೆಯ ಕೋಟೆಗೆ 11 ಕೊತ್ತಲಗಳಿವೆ. ಐದು ದಕ್ಷಿಣದಲ್ಲಿ, ಐದು ಉತ್ತರದಲ್ಲಿ, ಉಳಿದ ಒಂದು ಬಫರ್ ವಲಯದೊಳಗೆ. ಕೋಟೆಯೊಳಗಿನ ಲೆದ್ರಾ ಬೀದಿ ಕಾಲ್ನಡಿಗೆಯವರದೇ ಪೇಟೆ. ಬಟ್ಟೆ ಅಂಗಡಿ, ಐಸ್‌ಕ್ರೀಮ್, ಬಿಸಿಲಿಗೆ ಎಳೆದ ಬಟ್ಟೆಯ ಚಪ್ಪರ. ನಡೆಯುತ್ತಾ ಹೋದಂತೆ ಬೀದಿಯ ನಡುವೆ ಪೊಲೀಸರ ಪುಟ್ಟ ಗೂಡು ಎದುರಾಗುತ್ತದೆ. ಪಾಸ್‌ಪೋರ್ಟ್ ತೋರಿಸಿ ಮುಂದೆ ಹೆಜ್ಜೆಯಿಟ್ಟರೆ ಎರಡೂ ಬದಿಗೆ ಮುಚ್ಚಿದ ಕಟ್ಟಡಗಳು, ಹಲಗೆ ಬಡಿದ ಕಿಟಕಿಗಳು. ಒಂದೆರಡು ನಿಮಿಷದ ನಡಿಗೆಯಷ್ಟೇ. ಆಮೇಲೆ ಇನ್ನೊಂದು ಗೂಡು, ಇನ್ನೊಂದು ಸಮವಸ್ತ್ರ. ಅದನ್ನು ದಾಟಿದರೆ ಅದೇ ಪೇಟೆ ಬೇರೆ ಭಾಷೆಯ ಫಲಕಗಳೊಂದಿಗೆ ಮುಂದುವರಿಯುತ್ತದೆ. ಬೆಲೆ ಲಿರಾದಲ್ಲಿ, ಮಸೀದಿಯ ಬಾಂಗು ಹತ್ತಿರದಲ್ಲೇ, ಒಟ್ಟೊಮನ್ನರು 1572ರಲ್ಲಿ ಕಟ್ಟಿದ ದೊಡ್ಡ ಛತ್ರ ಬ್ಯುಯುಕ್ ಹಾನ್‌ನ ಅಂಗಳದಲ್ಲಿ ಚಹಾದ ಮೇಜುಗಳು. ಈ ದಾರಿ ತೆರೆದದ್ದು 2008ರ ಏಪ್ರಿಲ್‌ನಲ್ಲಿ.

ನಗರದಾಚೆ ಬಫರ್ ವಲಯ ಅಗಲವಾಗುತ್ತಾ ಹೋಗಿ ಕೆಲವೆಡೆ ಏಳು ಕಿ.ಮೀ. ಮೀರುತ್ತದೆ. ಹಳೆ ಪೇಟೆಯ ಕೆಲವು ಓಣಿಗಳಲ್ಲಿ ಅದು ಕೆಲವೇ ಮೀಟರ್. ಅದನ್ನು ನಿರ್ಜನ ಪ್ರದೇಶ ಎಂದುಕೊಳ್ಳುವುದು ತಪ್ಪು. ಅನುಮತಿ ಪಡೆದ ರೈತರು ಅಲ್ಲಿ ಗೋಧಿ, ಬಾರ್ಲಿ ಬೆಳೆಯುತ್ತಾರೆ. ಅದರೊಳಗಿನ ಪೈಲಾ ಎಂಬ ಹಳ್ಳಿಯಲ್ಲಿ ಗ್ರೀಕ್ ಮತ್ತು ಟರ್ಕಿಶ್ ಸೈಪ್ರಿಯಟ್‌ರು ಈಗಲೂ ಒಟ್ಟಿಗೆ ವಾಸಿಸುತ್ತಾರೆ. ಆ ಹಳ್ಳಿಗೆ ಉತ್ತರದಿಂದ ರಸ್ತೆ ಮಾಡುವ ವಿಷಯಕ್ಕೆ 2023ರ ಆಗಸ್ಟ್‌ನಲ್ಲಿ ಹೊಡೆದಾಟವಾಗಿ ಶಾಂತಿಪಾಲಕರು ಗಾಯಗೊಂಡರು. ನಿಕೋಸಿಯಾದ ಹಳೆಯ ವಿಮಾನ ನಿಲ್ದಾಣವೂ ವಿಶ್ವಸಂಸ್ಥೆಯ ವಶದಲ್ಲಿದೆ. 1974ರ ಕಾದಾಟದಲ್ಲಿ ಅದು ಯಾರ ಕೈಗೂ ಹೋಗದಂತೆ ತಡೆದದ್ದು ಆಗ ಪಡೆಯ ಮುಖ್ಯಸ್ಥರಾಗಿದ್ದ ಇನ್ನೊಬ್ಬ ಭಾರತೀಯ, ಪ್ರೇಮ್ ಚಂದ್. ಅಂದು ಹಾರಲಾಗದೆ ಉಳಿದ ಸೈಪ್ರಸ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನವೊಂದು ಅಲ್ಲೇ ತುಕ್ಕು ಹಿಡಿಯುತ್ತಿದೆ. ವಲಯದ ಅಂಚಿನಲ್ಲಿ ಕ್ಯಾಮೆರಾ ತೆಗೆಯುವಾಗ ಎಚ್ಚರ ಬೇಕು. ಸೇನೆಯ ಫಲಕವಿರುವ ಕಡೆ ಫೋಟೊ ನಿಷಿದ್ಧ, ಅದು ಎರಡೂ ಬದಿಗೆ ಅನ್ವಯಿಸುವ ನಿಯಮ.

1974ರಿಂದ 2003ರವರೆಗೆ ಸಾಮಾನ್ಯರಿಗೆ ಗೆರೆ ದಾಟುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. 2003ರ ಏಪ್ರಿಲ್ 23ರಂದು ಉತ್ತರದ ಆಡಳಿತ ಏಕಾಏಕಿ ದ್ವಾರ ತೆರೆಯಿತು. ಜನ ಗಂಟೆಗಟ್ಟಲೆ ಸಾಲು ನಿಂತು ತಮ್ಮ ಹಳೆಯ ಮನೆಗಳನ್ನು ನೋಡಲು ಹೋದರು. ಬಾಗಿಲು ತೆರೆದ ಈಗಿನ ನಿವಾಸಿಗಳಲ್ಲಿ ಕೆಲವರು ಕಾಪಾಡಿಟ್ಟಿದ್ದ ಹಳೆಯ ಫೋಟೊಗಳನ್ನು ಮರಳಿಸಿದ್ದೂ ಉಂಟು. ಈಗ ಒಂಬತ್ತು ಕಡೆ ದಾಟಬಹುದು. ಆದರೆ ದಾಟುವ ಹಕ್ಕು ಎಲ್ಲರಿಗೂ ಒಂದೇ ಅಲ್ಲ, ಹೊಸಬರು ಎಡವುವುದು ಇಲ್ಲೇ. ಉತ್ತರದ ಎರ್ಜಾನ್ ವಿಮಾನ ನಿಲ್ದಾಣವನ್ನೂ ಫಮಗುಸ್ತಾ, ಕೈರೇನಿಯಾ ಬಂದರುಗಳನ್ನೂ ಗಣರಾಜ್ಯ ಕಾನೂನುಬದ್ಧ ಪ್ರವೇಶದ್ವಾರಗಳೆಂದು ಒಪ್ಪುವುದಿಲ್ಲ. ಎರ್ಜಾನ್‌ಗೆ ಹೋಗುವ ವಿಮಾನಗಳು ಟರ್ಕಿಯಲ್ಲಿ ಇಳಿದೇ ಮುಂದೆ ಹಾರಬೇಕು. ಆ ದಾರಿಯಲ್ಲಿ ಬಂದ ಐರೋಪ್ಯೇತರ ದೇಶದವರನ್ನು ದಕ್ಷಿಣದ ಅಧಿಕಾರಿಗಳು ಗೆರೆಯಲ್ಲೇ ತಡೆದು ನಿಲ್ಲಿಸಬಹುದು. ದಕ್ಷಿಣದ ಲಾರ್ನಕ ಅಥವಾ ಪಾಫೊಸ್ ವಿಮಾನ ನಿಲ್ದಾಣದಲ್ಲಿ ಗಣರಾಜ್ಯದ ವೀಸಾದೊಂದಿಗೆ ಇಳಿದವರಿಗೆ ಉತ್ತರಕ್ಕೆ ಹೋಗಿಬರುವುದು ಸಾಮಾನ್ಯವಾಗಿ ಕಷ್ಟವಲ್ಲ.

ವಾಹನದ ವಿಷಯವೂ ಬೇರೆಯೇ. ದಕ್ಷಿಣದ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ. ದ್ವಾರದ ಪಕ್ಕದ ಕಿಟಕಿಯಲ್ಲೇ ಪ್ರತ್ಯೇಕ ವಿಮೆ ಕೊಳ್ಳಬೇಕು. ಬಾಡಿಗೆ ಕಾರು ಕೊಡುವ ಎಷ್ಟೋ ಕಂಪನಿಗಳು ಗೆರೆ ದಾಟಲು ಬಿಡುವುದೇ ಇಲ್ಲ. ಅದೃಷ್ಟಕ್ಕೆ ಎರಡೂ ಕಡೆ ವಾಹನ ಓಡುವುದು ರಸ್ತೆಯ ಎಡಗಡೆ, ಗೋಡೆಯಲ್ಲಿರುವುದು ಬ್ರಿಟನ್ನಿನ ಮೂರು ಕಾಲಿನ ಪ್ಲಗ್ಗು. ವಸಾಹತುಶಾಹಿಯ ಈ ಎರಡು ಪಳೆಯುಳಿಕೆಗಳ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ದಕ್ಷಿಣದಲ್ಲಿ 2008ರಿಂದ ಯೂರೊ ನಡೆಯುತ್ತದೆ. ಉತ್ತರದಲ್ಲಿ ಟರ್ಕಿಯ ಲಿರಾ. ಆದರೆ ಲಿರಾ ಕುಸಿಯುತ್ತಲೇ ಇರುವುದರಿಂದ ಅಲ್ಲಿ ಬಾಡಿಗೆಯನ್ನೂ ಮನೆ ಬೆಲೆಯನ್ನೂ ಬ್ರಿಟಿಷ್ ಪೌಂಡಿನಲ್ಲಿ ಹೇಳುವ ರೂಢಿಯಿದೆ. ಸಿಗರೇಟು, ಮದ್ಯ, ಇತರ ಸಾಮಾನುಗಳನ್ನು ಉತ್ತರದಿಂದ ತರಲು ಮಿತಿಯಿದೆ, ತಪಾಸಣೆಯೂ ನಡೆಯುತ್ತದೆ. ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್ ಉತ್ತರದಲ್ಲಿ ಸಿಗದು. ಗೆರೆಯ ಹತ್ತಿರ ಮನೆ ಮಾಡಿದವರ ಫೋನು ತಾನಾಗಿಯೇ ಆಚೆ ಬದಿಯ ನೆಟ್‌ವರ್ಕ್‌ಗೆ ಜಿಗಿದು ಬಿಲ್ಲು ಏರಿಸುವುದುಂಟು. 2016ರ ಚಳಿಗಾಲದಲ್ಲಿ ಗಡಿಯಾರವೂ ಪಾಲಾಗಿತ್ತು. ಟರ್ಕಿ ಬೇಸಿಗೆಯ ಸಮಯವನ್ನೇ ವರ್ಷವಿಡೀ ಉಳಿಸಿಕೊಂಡಿತು, ಉತ್ತರವೂ ಅದನ್ನೇ ಅನುಸರಿಸಿತು. ಲೆದ್ರಾ ಬೀದಿಯಲ್ಲಿ ನೂರು ಹೆಜ್ಜೆ ನಡೆದರೆ ಒಂದು ಗಂಟೆ ವ್ಯತ್ಯಾಸ. ಮರುವರ್ಷ ಉತ್ತರದವರು ಆ ಪ್ರಯೋಗವನ್ನು ಕೈಬಿಟ್ಟರು.

ಇವೆಲ್ಲ ಕಿರಿಕಿರಿಗಳು. ಜಮೀನಿನ ಪ್ರಶ್ನೆ ಹಾಗಲ್ಲ, ಅದು ಜೈಲಿನವರೆಗೂ ಒಯ್ಯಬಲ್ಲದು. ಉತ್ತರದ ಖಾಸಗಿ ಜಮೀನಿನ ದೊಡ್ಡ ಪಾಲು 1974ರಲ್ಲಿ ಓಡಿಹೋದ ಗ್ರೀಕ್ ಸೈಪ್ರಿಯಟ್‌ರದು. ಗಣರಾಜ್ಯದ ಭೂದಾಖಲೆಯಲ್ಲಿ ಅವರ ಹೆಸರೇ ಇಂದಿಗೂ ನಿಂತಿದೆ. ಉತ್ತರದ ಆಡಳಿತ ಆ ಭೂಮಿಯಲ್ಲಿ ಒಂದಷ್ಟನ್ನು ದಕ್ಷಿಣದಲ್ಲಿ ಆಸ್ತಿ ಕಳೆದುಕೊಂಡ ಟರ್ಕಿಶ್ ಸೈಪ್ರಿಯಟ್‌ರಿಗೆ ಬದಲಿಯಾಗಿ ಕೊಟ್ಟಿತು, ಒಂದಷ್ಟನ್ನು ಟರ್ಕಿಯಿಂದ ಬಂದು ನೆಲೆಸಿದವರಿಗೂ ಇತರರಿಗೂ ಹಂಚಿಕೆ ಮಾಡಿತು. ಹೀಗಾಗಿ ಅಲ್ಲಿ ಹಕ್ಕುಪತ್ರಗಳಲ್ಲಿ ಬಗೆಗಳಿವೆ. 1974ಕ್ಕೂ ಮೊದಲೇ ಟರ್ಕಿಶ್ ಸೈಪ್ರಿಯಟ್‌ರ ಅಥವಾ ವಿದೇಶಿಯರ ಹೆಸರಿನಲ್ಲಿದ್ದ ಜಮೀನು ಒಂದು, ಬದಲಿ ಜಮೀನು ಇನ್ನೊಂದು, ಹಂಚಿಕೆಯ ಜಮೀನು ಮತ್ತೊಂದು. ಮೊದಲನೆಯದು ಮಾತ್ರ ಮೂಲದ ವಿವಾದವಿಲ್ಲದ್ದು. ಸಮುದ್ರ ಕಾಣುವ ವಿಲ್ಲಾವನ್ನು ದಕ್ಷಿಣಕ್ಕಿಂತ ಅಗ್ಗಕ್ಕೆ ಮಾರುವ ಜಾಹೀರಾತುಗಳು ಈ ಬಗೆಗಳನ್ನು ಸಣ್ಣ ಅಕ್ಷರದಲ್ಲೂ ಹೇಳುವುದಿಲ್ಲ.

ನ್ಯಾಯಾಲಯಗಳು ಈ ಬಗ್ಗೆ ಸಾಕಷ್ಟು ಹೇಳಿವೆ. ಕೈರೇನಿಯಾದಲ್ಲಿ ಜಮೀನಿದ್ದ ಮಹಿಳೆಯೊಬ್ಬರ ದಾವೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ ಟರ್ಕಿಯನ್ನು ಹೊಣೆಯಾಗಿಸಿತು. 1998ರಲ್ಲಿ ಪರಿಹಾರ ನಿಗದಿಯಾಯಿತು, ಟರ್ಕಿ ಅದನ್ನು ಕಟ್ಟಿದ್ದು 2003ರಲ್ಲಿ. ಇನ್ನೊಂದು ಪ್ರಕರಣ ಕೊಳ್ಳುವವರಿಗೆ ಇನ್ನೂ ಹತ್ತಿರದ್ದು. ಬ್ರಿಟಿಷ್ ದಂಪತಿ ಲಪಿಥೋಸ್ ಎಂಬಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಮೂಲ ಮಾಲೀಕ ನಿಕೋಸಿಯಾದ ನ್ಯಾಯಾಲಯಕ್ಕೆ ಹೋದರು. ಮನೆ ಕೆಡವಿ, ಜಮೀನು ಬಿಟ್ಟುಕೊಡಿ, ಪರಿಹಾರ ಕಟ್ಟಿ ಎಂದು ತೀರ್ಪಾಯಿತು. ಉತ್ತರದಲ್ಲಿ ಆ ತೀರ್ಪನ್ನು ಜಾರಿ ಮಾಡುವವರು ಯಾರೂ ಇಲ್ಲ. ಆದರೆ ಆ ದಂಪತಿಗೆ ಇಂಗ್ಲೆಂಡಿನಲ್ಲಿ ಆಸ್ತಿಯಿತ್ತು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2009ರಲ್ಲಿ ಗಣರಾಜ್ಯದ ತೀರ್ಪು ಇತರ ಸದಸ್ಯ ದೇಶಗಳಲ್ಲೂ ಜಾರಿಯಾಗಬೇಕು ಎಂದಿತು, ಮರುವರ್ಷ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅದನ್ನು ಅನುಸರಿಸಿತು. ಇದಲ್ಲದೆ, ಮಾಲೀಕರ ಒಪ್ಪಿಗೆಯಿಲ್ಲದೆ ಇಂಥ ಜಮೀನನ್ನು ಮಾರುವುದು, ಕೊಳ್ಳುವುದು ಗಣರಾಜ್ಯದ ದಂಡಸಂಹಿತೆಯಲ್ಲಿ ಏಳು ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧ. ಇತ್ತೀಚಿನ ವರ್ಷಗಳಲ್ಲಿ ಬಂಧನಗಳೂ ಆಗಿವೆ.

ಉತ್ತರದ ಪಕ್ಷವನ್ನೂ ಹೇಳಬೇಕು. ಅಲ್ಲಿ 2006ರಿಂದ ಸ್ಥಿರಾಸ್ತಿ ಆಯೋಗವೊಂದು ಕೆಲಸ ಮಾಡುತ್ತಿದೆ. ಮೂಲ ಮಾಲೀಕರು ಜಮೀನು ಮರಳಿಸಿ, ಬದಲಿ ಕೊಡಿ ಅಥವಾ ಪರಿಹಾರ ಕೊಡಿ ಎಂದು ಅಲ್ಲಿ ಅರ್ಜಿ ಹಾಕಬಹುದು. ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಇದು ನ್ಯಾಯ ಪಡೆಯುವ ಸಮರ್ಪಕ ದಾರಿಯೆಂದು ಒಪ್ಪಿತು. ದಶಕಗಳಿಂದ ಅಲ್ಲಿ ಬಾಳುತ್ತಿರುವವರ ಸ್ಥಿತಿಯನ್ನೂ ಗಮನಿಸಬೇಕೆಂದು ಹೇಳಿತು. ದಕ್ಷಿಣದಲ್ಲೂ ಟರ್ಕಿಶ್ ಸೈಪ್ರಿಯಟ್‌ರು ಬಿಟ್ಟುಹೋದ ಮನೆ ಜಮೀನುಗಳಿವೆ, ಅವುಗಳಿಗೆ ಗೃಹ ಸಚಿವರೇ ಪಾಲಕರು, ಅವನ್ನು ಬಹುಪಾಲು ನಿರಾಶ್ರಿತರ ಬಳಕೆಗೆ ಕೊಡಲಾಗಿದೆ. ಎರಡೂ ಕಡೆ ನೆಲದ ಋಣ ಇನ್ನೂ ತೀರಿಲ್ಲ. ಹೊಸಬರು ಇದರ ನಡುವೆ ಕಾಲಿಡದಿರುವುದೇ ವಾಸಿ. ಉತ್ತರದಲ್ಲಿ ಇರಲೇಬೇಕಾದವರು ಬಾಡಿಗೆಗೆ ಇರಬಹುದು.

ಇಷ್ಟಾದರೂ ಪಾಲು ಮಾಡಲಾಗದ ಕೆಲವು ಸಂಗತಿಗಳಿವೆ. ಮೊದಲನೆಯದು ಕೊಳಚೆ ನೀರು. ನಿಕೋಸಿಯಾದ ಇಳಿಜಾರು ಉತ್ತರದ ಕಡೆಗಿದೆ, ಸಂಸ್ಕರಣಾ ಘಟಕವೂ ಉತ್ತರದಲ್ಲಿದೆ. ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದಾಗ, ಎರಡು ಬದಿಯ ಮೇಯರ್‌ಗಳಾದ ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ ಒಟ್ಟಿಗೆ ಕುಳಿತು ಒಂದೇ ಒಳಚರಂಡಿ ಜಾಲ ಮಾಡಲು ಒಪ್ಪಿದರು. ಆಗ ಎರಡೂ ಕಡೆಯವರಿಗೆ ಒಬ್ಬರನ್ನೊಬ್ಬರು ಫೋನಿನಲ್ಲೂ ಸುಲಭವಾಗಿ ಮಾತಾಡಿಸಲಾಗುತ್ತಿರಲಿಲ್ಲ. ಇವತ್ತಿಗೂ ಎರಡು ನಿಕೋಸಿಯಾಗಳ ಹೊಲಸು ಒಂದೇ ಕೊಳವೆಯಲ್ಲಿ ಹರಿದು ಒಂದೇ ಘಟಕ ಸೇರುತ್ತದೆ. ಮಾತುಕತೆಯ ಮೇಜಿನಲ್ಲಿ ದೊಡ್ಡ ನಾಯಕರು ಸಾಧಿಸಲಾಗದ್ದನ್ನು ಪುರಸಭೆಯ ಎಂಜಿನಿಯರುಗಳು ಸಾಧಿಸಿದರು ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ವಿದ್ಯುತ್ತಿನ ಜಾಲಗಳೂ ಜೋಡಣೆಯಾಗಿವೆ. 2011ರ ಜುಲೈಯಲ್ಲಿ ದಕ್ಷಿಣದ ನೌಕಾನೆಲೆಯಲ್ಲಿ ಮದ್ದುಗುಂಡಿನ ಕಂಟೈನರುಗಳು ಸ್ಫೋಟಿಸಿ ಪಕ್ಕದ ಮುಖ್ಯ ವಿದ್ಯುತ್ ಸ್ಥಾವರ ನೆಲಕಚ್ಚಿದಾಗ ಉತ್ತರದಿಂದ ದಕ್ಷಿಣಕ್ಕೆ ವಿದ್ಯುತ್ ಹರಿಯಿತು. ನೀರಿನ ವಿಷಯದಲ್ಲಿ ಮಾತ್ರ ಬೇರೆಬೇರೆ ದಾರಿ. ದಕ್ಷಿಣ ಸಮುದ್ರದ ನೀರನ್ನು ಸಿಹಿ ಮಾಡಿಕೊಳ್ಳುತ್ತದೆ. ಉತ್ತರಕ್ಕೆ 2015ರಿಂದ ಟರ್ಕಿಯಿಂದ ಸಮುದ್ರದಡಿಯ 80 ಕಿ.ಮೀ. ಕೊಳವೆಯಲ್ಲಿ ನೀರು ಬರುತ್ತದೆ. ಅದರೊಂದಿಗೆ ಟರ್ಕಿಯ ಮೇಲಿನ ಅವಲಂಬನೆಯೂ ಹೆಚ್ಚಿತೆಂದು ಅಲ್ಲಿನವರೇ ಗೊಣಗುತ್ತಾರೆ.

ಇನ್ನೊಂದು ಜಂಟಿ ಕೆಲಸ ಹೆಣಗಳದು. 1963–64 ಮತ್ತು 1974ರ ಹಿಂಸೆಯಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿದ್ದವು. 1,510 ಗ್ರೀಕ್ ಸೈಪ್ರಿಯಟ್‌ರು, 492 ಟರ್ಕಿಶ್ ಸೈಪ್ರಿಯಟ್‌ರು. ಎರಡೂ ಸಮುದಾಯಗಳ ತಜ್ಞರಿರುವ ಸಮಿತಿಯೊಂದು 2006ರಿಂದ ಬಾವಿ, ತೋಟ, ಬೆಟ್ಟದ ತಪ್ಪಲುಗಳನ್ನು ಅಗೆಯುತ್ತಿದೆ. ಹಳೆಯ ವಿಮಾನ ನಿಲ್ದಾಣದ ಆವರಣದ ಪ್ರಯೋಗಾಲಯದಲ್ಲಿ ಮೂಳೆಗಳನ್ನು ಮೇಜಿನ ಮೇಲೆ ಜೋಡಿಸಿ, ಡಿಎನ್‌ಎ ಹೊಂದಿಸಿ, ಮನೆಯವರನ್ನು ಕರೆದು ಒಪ್ಪಿಸಲಾಗುತ್ತದೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿದೆ. ದ್ವೀಪ ಚಿಕ್ಕದು, ಸಂಬಂಧಗಳ ಬಲೆ ದೊಡ್ಡದು. ಕಚೇರಿಯಲ್ಲಿ ಪಕ್ಕದ ಕುರ್ಚಿಯವರ ಚಿಕ್ಕಪ್ಪನೋ ಸೋದರಮಾವನೋ ಆ ಪಟ್ಟಿಯಲ್ಲಿರುವುದು ಅಪರೂಪವಲ್ಲ.

ಆದ್ದರಿಂದಲೇ ಮಾತಿನಲ್ಲಿ ಎಚ್ಚರ ಬೇಕಾಗುತ್ತದೆ. ಟರ್ಕಿ 1974ರಲ್ಲಿ ಮಾಡಿದ್ದು ದಕ್ಷಿಣದವರಿಗೆ ಆಕ್ರಮಣ. ಉತ್ತರದ ಅಧಿಕೃತ ಭಾಷೆಯಲ್ಲಿ ಅದು ಶಾಂತಿ ಕಾರ್ಯಾಚರಣೆ. ಜುಲೈ 20ರಂದು ಬೆಳಗಿನ ಜಾವ 5.30ಕ್ಕೆ ದಕ್ಷಿಣದಲ್ಲಿ ಸೈರನ್ ಮೊಳಗುತ್ತದೆ, ಸತ್ತವರ ನೆನಪಿಗೆ. ಅದೇ ದಿನ ಉತ್ತರದಲ್ಲಿ ಮೆರವಣಿಗೆ, ಹಬ್ಬ. ಹಿಂದಿನ ರಾತ್ರಿ ಬಂದಿಳಿದ ಹೊಸಬರು ಆ ಸೈರನ್ನಿಗೆ ಹೌಹಾರುವುದುಂಟು. ನಿಕೋಸಿಯಾದ ಉತ್ತರಕ್ಕಿರುವ ಪೆಂಟದಾಕ್ತಿಲೋಸ್ ಬೆಟ್ಟದ ಇಳಿಜಾರಿನಲ್ಲಿ ಉತ್ತರದ ಆಡಳಿತದ ಭಾರೀ ಧ್ವಜವನ್ನು ಬಿಡಿಸಲಾಗಿದೆ. ರಾತ್ರಿ ದೀಪಗಳಿಂದ ಮಿನುಗುವ ಅದು ದಕ್ಷಿಣ ನಿಕೋಸಿಯಾದ ತಾರಸಿಗಳಿಂದಲೂ ಕಾಣುತ್ತದೆ, ಕಾಣಲೆಂದೇ ಮಾಡಿದ್ದು. ಊರುಗಳಿಗೂ ಎರಡೆರಡು ಹೆಸರುಗಳಿವೆ. ಒಂದು ಕಡೆಯ ನಕ್ಷೆ ಹಿಡಿದು ಇನ್ನೊಂದು ಕಡೆಯ ಫಲಕ ಹುಡುಕುವವರು ದಾರಿ ತಪ್ಪುತ್ತಾರೆ. ಪಟ್ಟಾಗಿ ಕುದಿಸಿದ, ಗಷ್ಟು ಉಳಿಯುವ ಅದೇ ಕಾಫಿಯನ್ನು ದಕ್ಷಿಣದಲ್ಲಿ ಸೈಪ್ರಸ್ ಕಾಫಿ ಎಂದು ಕೇಳುವುದು ಕ್ಷೇಮ. ಸುಟ್ಟು ತಿನ್ನುವ ಗಿಣ್ಣಿಗೆ 2021ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ರಕ್ಷಣೆ ಕೊಟ್ಟಾಗ ಹಲೂಮಿ ಎಂಬ ಗ್ರೀಕ್ ಹೆಸರನ್ನೂ ಹೆಲ್ಲಿಮ್ ಎಂಬ ಟರ್ಕಿಶ್ ಹೆಸರನ್ನೂ ಒಟ್ಟಿಗೆ ನೋಂದಾಯಿಸಿತು.

ಉತ್ತರ–ದಕ್ಷಿಣ ಎಂಬ ಎರಡೇ ಬಣ್ಣದಲ್ಲಿ ದ್ವೀಪವನ್ನು ನೋಡಿದರೆ ಉಳಿದವರು ಕಾಣದೆ ಹೋಗುತ್ತಾರೆ. ಮ್ಯಾರೊನೈಟ್, ಅರ್ಮೇನಿಯನ್ ಮತ್ತು ಲ್ಯಾಟಿನ್ ಕ್ರೈಸ್ತರನ್ನು 1960ರ ಸಂವಿಧಾನವೇ ಪ್ರತ್ಯೇಕ ಧಾರ್ಮಿಕ ಗುಂಪುಗಳೆಂದು ಗುರುತಿಸಿದೆ. ಉತ್ತರದ ಕೊರ್ಮಕೀತಿಸ್ ಹಳ್ಳಿಯಲ್ಲಿ ಮ್ಯಾರೊನೈಟರು ಈಗಲೂ ಇದ್ದಾರೆ. ಗೆರೆಯ ತಪ್ಪು ಬದಿಯಲ್ಲಿ ಉಳಿದ ಪುಣ್ಯಕ್ಷೇತ್ರಗಳೂ ಇವೆ: ಲಾರ್ನಕದ ಉಪ್ಪಿನ ಸರೋವರದ ದಡದ ಹಾಲಾ ಸುಲ್ತಾನ್ ದರ್ಗಾ ದಕ್ಷಿಣದಲ್ಲಿ, ಆರ್ಥೊಡಾಕ್ಸ್ ಕ್ರೈಸ್ತರ ಅಪೊಸ್ತೊಲೋಸ್ ಆಂದ್ರೆಯಾಸ್ ಮಠ ಉತ್ತರದ ತುತ್ತತುದಿಯಲ್ಲಿ. ಎರಡಕ್ಕೂ ಆಚೆಯಿಂದ ಭಕ್ತರು ಬಂದುಹೋಗುತ್ತಾರೆ.

ದ್ವೀಪ ಒಂದಾಗುವ ಅವಕಾಶ 2004ರ ಏಪ್ರಿಲ್ 24ರಂದು ತೀರ ಹತ್ತಿರ ಬಂದಿತ್ತು. ವಿಶ್ವಸಂಸ್ಥೆಯ ಕೋಫಿ ಅನಾನ್ ಅವರ ಯೋಜನೆಗೆ ಉತ್ತರದಲ್ಲಿ ಶೇ 65 ಮಂದಿ ಒಪ್ಪಿದರು, ದಕ್ಷಿಣದಲ್ಲಿ ಶೇ 76 ಮಂದಿ ತಿರಸ್ಕರಿಸಿದರು. ಬೇಡವೆಂದವರು ವಾರದಲ್ಲೇ ಐರೋಪ್ಯ ಒಕ್ಕೂಟದ ಒಳಗಾದರು, ಬೇಕೆಂದವರು ಹೊರಗುಳಿದರು. ಉತ್ತರದವರ ಈ ಕಹಿ ಅಸಹಜವಲ್ಲ. ಹಾಗೆಂದು ದಕ್ಷಿಣದವರ ಭಯ ಸುಳ್ಳೂ ಅಲ್ಲ. ಟರ್ಕಿಯ ಸೈನಿಕರು ದ್ವೀಪದಲ್ಲಿ ಉಳಿಯುವ ವ್ಯವಸ್ಥೆ ಆ ಯೋಜನೆಯಲ್ಲಿತ್ತು. 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ನಡೆದ ಮಾತುಕತೆಯೂ ಮುರಿದುಬಿತ್ತು. ಹೀಗಿದ್ದರೂ ಗಣರಾಜ್ಯದ ಪಾಸ್‌ಪೋರ್ಟ್ ಪಡೆದ ಸಾವಿರಾರು ಟರ್ಕಿಶ್ ಸೈಪ್ರಿಯಟ್‌ರು ದಿನವೂ ಗೆರೆ ದಾಟಿ ದಕ್ಷಿಣದಲ್ಲಿ ದುಡಿದು ಸಂಜೆ ಮನೆಗೆ ಮರಳುತ್ತಾರೆ. ರಾಜಕೀಯ ಎಲ್ಲಿ ನಿಂತಿದೆಯೋ ಬದುಕು ಅಲ್ಲೇ ನಿಂತಿಲ್ಲ.

ಭಾರತದಿಂದ ಸೈಪ್ರಸ್‌ಗೆ ಹೋಗುವವರಲ್ಲಿ ವಿದ್ಯಾರ್ಥಿಗಳು, ಮನೆಗೆಲಸ ಮತ್ತು ಆರೈಕೆಯ ಕೆಲಸದವರು, ತಂತ್ರಜ್ಞರು ಎಲ್ಲರೂ ಇದ್ದಾರೆ. ಎರಡೂ ಕಡೆ ವಿಶ್ವವಿದ್ಯಾಲಯಗಳಿವೆ, ಉತ್ತರದ ಆರ್ಥಿಕತೆಯಂತೂ ಹೊರನಾಡಿನ ವಿದ್ಯಾರ್ಥಿಗಳ ಶುಲ್ಕವನ್ನು ಬಲವಾಗಿ ನೆಚ್ಚಿಕೊಂಡಿದೆ. ‘ಸೈಪ್ರಸ್, ಅಂದರೆ ಯುರೋಪ್’ ಎಂದು ಏಜೆಂಟರು ಹೇಳುವುದು ಅರ್ಧ ನಿಜ. ಉತ್ತರದ ಕಾಲೇಜಿಗೆ ಸೇರಿದವರು ಟರ್ಕಿಯ ದಾರಿಯಲ್ಲಿ ಬರುತ್ತಾರೆ, ಲಿರಾದ ನಾಡಿನಲ್ಲಿ ಇರುತ್ತಾರೆ, ಅಲ್ಲಿನ ವಾಸದ ಪರವಾನಗಿಗೆ ಐರೋಪ್ಯ ಒಕ್ಕೂಟದಲ್ಲಿ ಕವಡೆ ಕಿಮ್ಮತ್ತಿಲ್ಲ. ಗೆರೆ ದಾಟಿ ದಕ್ಷಿಣಕ್ಕೆ ನುಸುಳಿದರೆ ಅದು ಅಕ್ರಮ ಪ್ರವೇಶ. ಭಾರತದ ಹೈಕಮಿಷನ್ ಇರುವುದು ನಿಕೋಸಿಯಾದ ದಕ್ಷಿಣ ಬದಿಯಲ್ಲಿ. ಪಾಸ್‌ಪೋರ್ಟ್ ಕಳೆದರೆ, ಪೊಲೀಸ್ ಕೇಸಾದರೆ, ಉತ್ತರದಲ್ಲಿ ಓಡಿಹೋಗಲು ಭಾರತದ ಕಚೇರಿಯಿಲ್ಲ. ಮುಂಗಡ ಕಟ್ಟುವ ಮೊದಲು ಪ್ರವೇಶಪತ್ರದ ವಿಳಾಸವನ್ನು ಓದಬೇಕು. ಮಾನ್ಯತೆಯಿಲ್ಲದ ಉತ್ತರಕ್ಕೆ ಅಂಚೆ ಟರ್ಕಿಯ ಮೂಲಕವೇ ಹೋಗಬೇಕು. ಆದ್ದರಿಂದ ವಿಳಾಸದ ಕೊನೆಯಲ್ಲಿ ‘ಮೆರ್ಸಿನ್ 10, ಟರ್ಕಿ’ ಎಂದಿದ್ದರೆ, ಫೋನ್ ಸಂಖ್ಯೆ 357ರ ಬದಲು 90 392ರಿಂದ ಶುರುವಾದರೆ, ಕಾಲೇಜು ಇರುವುದು ಉತ್ತರದಲ್ಲಿ.